ದೊಡ್ಡಕ್ಕನ ಗುದ್ದಲಿ

ಸಮಿತಿ ಕಚೇರಿ,
ಮಾರ್ಚ್ ೧೨

ಪ್ರೀತಿಯ ತಮ್ಮಾ,

ನಿನ್ನ ಚಿಕ್ಕಕ್ಕನ ಆಶೀರ್ವಾದ. ನಿನ್ನ ಮೂರು ಪತ್ರಕ್ಕೆ ಇದೊಂದೇ ಉತ್ತರ, ಬೈಯಬೇಡ. ಎಲ್ಲ ಸೌಖ್ಯ ಎಂದು ಬರೆಯಲು ಹೋದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ನಿನ್ನ ಭಾವ ಮೊನ್ನೆ ಬಾಗಿಲಿಗೆ ಬಣ್ಣ ಬಳಿದು, ಒಣಗುವ ಮೊದಲೇ ತಾವೇ ಒರಗಿ ನಿಂತರು. ಅಂಗಿಯ ಬೆನ್ನು ಇನ್ನೂ ಹಸಿರು.

ಅಳಿವೆಯ ಉಪ್ಪುನೀರಿನಲ್ಲಿ ನಿಂತ ನಮ್ಮ ಕಾಂಡ್ಲಾ ಕಾಡು ಹೇಗಿದೆ ಎಂದು ಕೇಳಿದ್ದೀಯ. ಸಾಯುತ್ತಿದೆ ಕಣೋ, ನಿಂತಲ್ಲೇ ಒಣಗುತ್ತಿದೆ. ಯಾರೂ ಕಡಿಯಲಿಲ್ಲ. ಕಾಯುತ್ತೇವೆಂದು ಹೊರಟ ನಾವೇ ಕೊಂದೆವು.

ಮೂರು ವರ್ಷದ ಹಿಂದೆ ಕಾಡು ಸಮಿತಿಯ ಅಧ್ಯಕ್ಷೆಯಾದಾಗ ನನಗೆ ಕೋಡು ಮೂಡಿತ್ತು. ಗಾಳಿಯ ಇಂಗಾಲವನ್ನು ಹಿಡಿದು ಕೆಸರಿನಲ್ಲಿ ಹೂತಿಡುವ ಕಾಡು ಇದು, ಕೆದಕಿದರೆ ಎಲ್ಲ ಹೊರಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಬಂದವಳೇ ನಿಯಮ ಬರೆದೆ: ಯಾರೂ ಒಳಗೆ ಕಾಲಿಡಬಾರದು. ಚಿಪ್ಪು ಆರಿಸುವ ಹೆಂಗಸರಿಗೂ ಅದೇ, ಅವರ ಜೊತೆ ಹೋಗುತ್ತಿದ್ದ ನಮ್ಮ ದೊಡ್ಡಕ್ಕನಿಗೂ ಅದೇ. ಸಭೆಯಲ್ಲಿ ಚಪ್ಪಾಳೆ ಬಿತ್ತು.

ಆ ಹೆಂಗಸರು ಚಿಪ್ಪು ಆರಿಸುತ್ತಲೇ ಸಣ್ಣ ಕಾಲುವೆಗಳ ಬಾಯಿ ಬಿಡಿಸಿ, ಸಮುದ್ರದ ನೀರು ಬಂದುಹೋಗಲು ದಾರಿ ಮಾಡುತ್ತಿದ್ದರು. ಇದು ಯಾವ ಕಡತದಲ್ಲೂ ಇರಲಿಲ್ಲ. ಹತ್ತೊಂಬತ್ತು ಬಾಯಿಗಳಿದ್ದವಂತೆ, ಎಲ್ಲ ಹೂತುಹೋಗಿವೆ. ನೀರು ಒಳಗೇ ನಿಂತು ಬೇರು ಕೊಳೆಯುತ್ತಿದೆ. ಯಂತ್ರ ಇಳಿಸಿ ಅಗೆಸಿದೆವು. ತಪ್ಪು ಜಾಗ, ಇನ್ನಷ್ಟು ಮರ ಹೋದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಉಳಿದ ಹೆಂಗಸರು ಮೀನಿನ ಕಾರ್ಖಾನೆ ಸೇರಿ ಊರು ಬಿಟ್ಟಿದ್ದಾರೆ. ದಾರಿ ಗೊತ್ತಿದ್ದವಳು ದೊಡ್ಡಕ್ಕ ಒಬ್ಬಳೇ. ಕಳೆದ ವಾರ ಹೋಗಿ ಕೈಮುಗಿದೆ. ಸೆರಗು ಸಿಕ್ಕಿಸಿಕೊಂಡು ಬಂದಳು. ಬೆಳಗಿನಿಂದ ನೀರೇರುವವರೆಗೆ ಮೊಣಕಾಲುದ್ದದ ಕೆಸರಿನಲ್ಲಿ ತಡಕಾಡಿದಳು. ಒಂದೇ ಒಂದು ಬಾಯಿ ಸಿಕ್ಕಿತು.

“ಜಾಗ ತಲೆಗೆ ಗೊತ್ತಿರ್ಲಿಲ್ಲ ಕಣೇ, ಕಾಲಿಗೆ ಗೊತ್ತಿತ್ತು,” ಅಂದಳು. “ಮೂರು ವರ್ಷ ತುಳೀದೇ ಇದ್ರೆ ಕಾಲೂ ಮರೆತುಬಿಡುತ್ತೆ.”

ಆ ಒಂದರಿಂದ ಕಾಡು ಉಳಿಯುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ನಾಡಿದ್ದು ರಾಜೀನಾಮೆ ಕೊಡುತ್ತೇನೆ. ಕೊಟ್ಟರೆ ಮರ ಚಿಗುರುತ್ತದೆಯೇ? ಸುಮ್ಮನೆ.

ಮಕ್ಕಳಿಗೆ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ
ಚಿಕ್ಕಕ್ಕ

ಮತ್ತೊಂದು ಮಾತು: ದೊಡ್ಡಕ್ಕ ಮಂಡಿನೋವಿನಿಂದ ಕಾಡಿಗೆ ಹೋಗುವುದನ್ನು ಬಿಟ್ಟಳು ಎಂದು ನಿನಗೆ ಬರೆದಿದ್ದೆ. ಅದು ಸುಳ್ಳು. ನಿಯಮ ಬಂದ ವಾರವೇ ಅವಳು ಒಳಗೆ ಹೋಗಿದ್ದಳು. ನೀರಿಗೆ ದಾರಿ ಬಿಡಿಸದಿದ್ದರೆ ಮರ ಸಾಯುತ್ತದೆ ಎಂದು ಆಗಲೇ ಹೇಳಿದ್ದಳು. ನಾನು ಎಲ್ಲರೆದುರು ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಸ್ವಂತ ಅಕ್ಕನನ್ನೂ ಬಿಡಲಿಲ್ಲ ಎಂದು ಜನ ಹೊಗಳಿದರು, ನಾನು ಹಿಗ್ಗಿದೆ. ಆ ಗುದ್ದಲಿ ಈಗಲೂ ಜಪ್ತಿಯ ಚೀಟಿ ಕಟ್ಟಿಸಿಕೊಂಡು ಈ ಕಚೇರಿಯ ಬೀರುವಿನ ಹಿಂದಿದೆ. ಕಳೆದ ವಾರ ಅವಳು ಬರಿಗೈಯಲ್ಲಿ ಕೆಸರು ತೋಡಿದಳು. ಗುದ್ದಲಿ ಎಲ್ಲಿ ಎಂದು ಕೇಳಲಿಲ್ಲ. ತಂದುಕೊಡಲು ನನಗೆ ಮುಖವಿರಲಿಲ್ಲ.