ಅದು ವೋಟಲ್ಲ, ಪೂವಪ್ಪಾ

ಹಮ್ದಾನ್ ಸ್ಟ್ರೀಟ್, ಅಬುಧಾಬಿ
ಜೂನ್ ಕೊನೆಯ ಶನಿವಾರ, ೨೦೧೯

ಪೂವಪ್ಪಾ, ನನ್ನ ಹಟಮಾರಿ ಸಂಗಾತೀ,

ಈ ಕಾಗದ ನಿನ್ನ ಕೈಗೆ ಬರುವಾಗ ಈರುಳ್ಳಿ ವಾಸನೆ ಹೊಡೆಯುತ್ತಿರುತ್ತದೆ. ನಾಳೆ ಶಮೀರ್ ಇಲ್ಲಿನ ಅಲ್ ಮೀನಾ ಮಾರ್ಕೆಟಿನಿಂದ ನಿಮ್ಮ ಹಡಗಿಗೆ ತರಕಾರಿ, ಮೀನು ತುಂಬಿಸಿಕೊಂಡು ಫುಜೈರಾಕ್ಕೆ ಹೊರಡುತ್ತಾನೆ. ಅಲ್ಲಿಂದ ದೋಣಿಯಲ್ಲಿ ನೀವು ಲಂಗರು ಹಾಕಿದಲ್ಲಿಗೆ. ಈರುಳ್ಳಿ ಚೀಲದ ಬಾಯಿಗೆ ಇದನ್ನು ಸಿಕ್ಕಿಸುತ್ತಾನಂತೆ. "ಅಪ್ಪಿಯಕ್ಕಾ, ಈ ಪ್ರಾಯದಲ್ಲಿ ಲವ್ ಲೆಟರಾ? ಪೂವಪ್ಪಣ್ಣನಿಗೆ ನಾಲ್ಕು ಬಂಗುಡೆ ಸಾಕಪ್ಪ" ಅಂತ ನಕ್ಕ. "ಬಾಯಿ ಮುಚ್ಚಿ ತಲುಪಿಸು ಮಾರಾಯ" ಅಂದೆ. ನಗು ಬರಲಿಲ್ಲ ನನಗೆ.

ಮಂಗಳವಾರ ನೀನು ಮಾಡಿದ ಫೋನು ಇನ್ನೂ ಕಿವಿಯಲ್ಲೇ ಕೂತಿದೆ. "ಹಡಗು ಹೊರ್ಮುಜ್ ಜಲಸಂಧಿ ದಾಟಿ ಗಲ್ಫಿನ ಒಳಗೆ ಹೋಗ್ಲಿಕ್ಕುಂಟು. ಮೆಸ್ಸಿನಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ್ರು. ನಾನು ಬೇಡ ಅಂತ ಕೈ ಎತ್ತಿದೆ. ಹೆಚ್ಚಿನವರು ಹೋಗುವ ಅಂದ್ರು. ಬಹುಮತ ಆಯ್ತಲ್ಲ ಮಾರಾಯ್ತಿ, ಇನ್ನೆಂತ ಮಾತು?" ಅಷ್ಟು ಹೇಳುವಾಗ ಲೈನ್ ಹೋಯಿತು. ಮತ್ತೆ ಸಿಗಲಿಲ್ಲ. ಈ ತಿಂಗಳು ಆ ಕಡಲಲ್ಲಿ ಟ್ಯಾಂಕರುಗಳಿಗೆ ಬೆಂಕಿ ಬಿದ್ದಿದೆಯಲ್ಲ, ಹಡಗಿನಿಂದ ಹೊರಗೆ ಸುದ್ದಿ ಹೋಗಬಾರದೆಂದು ನಿಮ್ಮ ಕ್ಯಾಪ್ಟನ್ ಅದೇ ಮಂಗಳವಾರ ಇಂಟರ್ನೆಟ್ಟು, ಫೋನು ಎಲ್ಲ ಬಂದ್ ಮಾಡಿಸಿದ್ದಾನೆ ಅಂತ ಶಮೀರ್ ಹೇಳಿದ.

ಎರಡು ದಿನ ನಾನೂ ನಿನ್ನ ಹಾಗೇ ಯೋಚಿಸಿದೆ. ಬಹುಮತ ಆಯಿತು, ಮುಗಿಯಿತು, ಖಲಾಸ್. ನಾವು ಬೆಳೆದದ್ದೇ ಹಾಗಲ್ಲವಾ? ಚರ್ಚೆಯಲ್ಲಿ ಎಷ್ಟು ಬೇಕಾದರೂ ಜಗಳ ಮಾಡು, ಕೈ ಎಣಿಸಿದ ಮೇಲೆ ಎಲ್ಲರ ಕಾಲೂ ಒಂದೇ ದಾರಿಯಲ್ಲಿ. ಆದರೆ ನನ್ನ ರೂಮಿನಲ್ಲಿ ಪಕ್ಕದ ಬೆಡ್ಡಿನ ಸುಸನ್ ಹಡಗು ಏಜೆಂಟರ ಆಫೀಸಿನಲ್ಲಿ ಕೆಲಸ ಮಾಡುವವಳು. ಮೊನ್ನೆ ರಾತ್ರಿ ಚಹಾ ಕುಡಿಯುತ್ತಾ ಅವಳಿಗೆ ವಿಷಯ ಹೇಳಿದೆ. ಅವಳು ಕಪ್ಪು ಕೆಳಗಿಟ್ಟಳು. "ಅಪ್ಪಿ ಆಂಟಿ, ನಿಮ್ಮ ಗಂಡನಿಗೆ ಹುಚ್ಚಾ? ಅಪಾಯದ ನೀರಿಗೆ ಹೋಗುವುದಾದರೆ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಬೇಕು. ಅವರ ಕರಾರಿನಲ್ಲೇ ಉಂಟು. ಒಬ್ಬ ಬೇಡ ಅಂದರೆ ಆ ಒಬ್ಬನನ್ನು ಇಳಿಸಿ ಊರಿಗೆ ಕಳಿಸಬೇಕು. ಉಳಿದವರು ಏನು ಹೇಳಿದರು ಅನ್ನುವುದು ಲೆಕ್ಕಕ್ಕೇ ಇಲ್ಲ" ಅಂದಳು.

ಅದು ವೋಟಲ್ಲ, ಪೂವಪ್ಪಾ. ಅವರು ನಿನ್ನನ್ನು ಕೇಳಿದ್ದು ನಿನ್ನ ಜೀವದ ಬಗ್ಗೆ. ನೀನು ಅದನ್ನು ಸಂಘದ ಠರಾವು ಅಂದುಕೊಂಡೆ. ಆ ಹಡಗಿನಲ್ಲಿ ಬೇರೆ ಯಾರೂ ಈ ತಪ್ಪು ಮಾಡಲಾರರು. ಅಪಾಯಕ್ಕೆಂದು ಕೊಡುವ ಡಬಲ್ ಸಂಬಳಕ್ಕೆ ಹ್ಞೂಂ ಅಂದವರಿದ್ದಾರೆ, ಕ್ಯಾಪ್ಟನ್ನಿಗೆ ಹೆದರಿ ಅಂದವರಿದ್ದಾರೆ. ಬೇಡ ಅಂದೂ, ಸೋತೆ ಅಂತ ಶಿಸ್ತಿನಿಂದ ಎಂಜಿನ್ ರೂಮಿಗೆ ಇಳಿದವನು ನೀನೊಬ್ಬನೇ.

ಬೈಯುತ್ತಿದ್ದೇನೆ, ಆದರೆ ನಿನ್ನನ್ನು ನಾನು ಮೆಚ್ಚಿದ್ದೂ ಇದಕ್ಕೇ. ಬೀಡಿ ಕಾರ್ಮಿಕರ ಮುಷ್ಕರ ನೆನಪುಂಟಲ್ಲ? ತಾಲೂಕು ಕಚೇರಿಗೆ ನುಗ್ಗುವುದು ಬೇಡ, ಪೊಲೀಸರು ಕಾದು ಕೂತಿದ್ದಾರೆ ಅಂತ ಸಭೆಯಲ್ಲಿ ನೀನು ಗಂಟಲು ಹರಿದುಕೊಂಡೆ. ಬಂದರಿನ ಧಕ್ಕೆಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನಿಗೆ ಬೀಡಿಯವರ ಸಂಕಟ ಏನು ಗೊತ್ತು ಅಂತ ನನ್ನ ಜೊತೆ ಬೀಡಿ ಕಟ್ಟುತ್ತಿದ್ದ ಸಕೀನ ಎದ್ದು ನಿಂತು ಹಂಗಿಸಿದಳು. ಎಲೆ ಕತ್ತರಿಸಿ ದಡ್ಡುಗಟ್ಟಿದ ಕೈಗಳೆಲ್ಲ ನಿನ್ನ ವಿರುದ್ಧ ಎದ್ದವು, ನನ್ನದೂ. ನೀನು ಬಾವುಟ ತೆಗೆದುಕೊಂಡು ಮುಂದಿನ ಸಾಲಿಗೆ ಹೋದೆ. ಮೊದಲ ಲಾಠಿ ಬಿದ್ದದ್ದು ನಿನ್ನ ಭುಜದ ಎಲುಬಿಗೆ. ಅದು ಸೊಟ್ಟ ಕೂಡಿತು. ಆಸ್ಪತ್ರೆಯಲ್ಲಿ "ನೋವುಂಟಾ?" ಅಂತ ನಾನು ಕೇಳಿದೆ. "ನೋವು ಬಹುಮತದ್ದಲ್ವಾ, ಹಂಚಿಕೊಳ್ಳಿ" ಅಂದೆ ನೀನು. ಮರುವರ್ಷ ಸಂಘದ ಆಫೀಸಿನಲ್ಲಿ ಎರಡು ಹಾರ, ಪುರೋಹಿತನಿಲ್ಲ, ಇಬ್ಬರೂ ಒಬ್ಬರಿಗೊಬ್ಬರು 'ನೀನು' ಅನ್ನಬೇಕು ಅನ್ನುವ ಕರಾರು. ಆ ಸೊಟ್ಟ ಎಲುಬಿನ ಮೇಲೆ ಎಷ್ಟು ಸಲ ತಲೆ ಇಟ್ಟು ಮಲಗಿದ್ದೇನೆ. ಈಗ ಅದೇ ಎಲುಬು ನನ್ನ ವೈರಿ.

ಇನ್ನೊಂದು ಸುದ್ದಿ ಹೇಳುತ್ತೇನೆ, ಕೇಳು. ಹಡಗಿನಲ್ಲಿ ನಿನಗೆ ಗೊತ್ತಾಗಿರಲಿಕ್ಕಿಲ್ಲ. ಇರಾನಿನ ಮೇಲೆ ಯುದ್ಧ ಮಾಡುವುದಾದರೆ ಅಧ್ಯಕ್ಷ ಮೊದಲು ನಮ್ಮ ಒಪ್ಪಿಗೆ ಕೇಳಬೇಕು ಅಂತ ಅಮೆರಿಕದ ಸೆನೆಟ್ಟಿನಲ್ಲಿ ನಿನ್ನೆ ಕೈ ಎತ್ತಿಸಿದರಂತೆ. ಐವತ್ತು ಮಂದಿ ಹೌದು ಅಂದರು, ನಲವತ್ತು ಮಂದಿ ಬೇಡ. ಗೆದ್ದಿತು ಅಂದುಕೊಂಡೆಯಾ? ಸೋತಿತು! ಅರವತ್ತು ಬೇಕಂತೆ. ಥೂ! ಯಾರನ್ನೂ ಕೇಳಬೇಕಾಗಿಲ್ಲ ಅಂತ ಆ ಅಧ್ಯಕ್ಷ ಮೊದಲೇ ಹೇಳಿದ್ದಾನೆ. ಅವರ ಡ್ರೋನನ್ನು ಇರಾನಿನವರು ಹೊಡೆದುರುಳಿಸಿದಾಗ ಬಾಂಬು ಹಾಕಲು ಹೊರಟು, ಹತ್ತು ನಿಮಿಷ ಇರುವಾಗ ಸಾಕು ಅಂದನಂತೆ. ದೊಡ್ಡ ದಯೆ ಅಂತ ಟಿವಿಯವರು ಹೊಗಳುತ್ತಾರೆ. ಹತ್ತು ನಿಮಿಷದಲ್ಲಿ ಬೇಡ ಅನ್ನಬಲ್ಲವನು ಹತ್ತು ನಿಮಿಷದಲ್ಲಿ ಬೇಕು ಅನ್ನಲಾರನಾ? ಟ್ಯಾಂಕರಿಗೆ ಬೆಂಕಿ ಇಟ್ಟವರು ಯಾರು ಅಂತ ಅವರು ಇವರನ್ನು, ಇವರು ಅವರನ್ನು ತೋರಿಸುತ್ತಾರೆ. ಯಾರು ಇಟ್ಟರೂ ಸುಡುವುದು ಎಂಜಿನ್ ರೂಮಿನಲ್ಲಿ ಇರುವವನ ಚರ್ಮ.

ಅಲ್ಲಿ ಒಂದು ದೇಶವನ್ನೇ ಸುಡುವ ಮಾತಿಗೆ ಬಹುಮತಕ್ಕೆ ಕಿಲುಬು ಕಾಸಿನ ಬೆಲೆ ಇಲ್ಲ. ಇಲ್ಲಿ ನಿನ್ನ ಒಂದು ಜೀವದ ಮಾತಿಗೆ ನೀನು ಬಹುಮತಕ್ಕೆ ತಲೆಬಾಗಿ ಕೂತಿದ್ದೀ. ಸಿಟ್ಟು ಬರದೆ ಇರುತ್ತದಾ?

ಖಾಲಿದಿಯಾದಲ್ಲಿ ನಾನು ಆಯಾ ಆಗಿರುವ ನರ್ಸರಿಯಲ್ಲಿ ತೃಷಾ ಅಂತ ಒಂದು ಮಗು. ನಮ್ಮ ಉಡುಪಿ ಕಡೆಯವರದ್ದೇ, ಮಾತು ಮಾತ್ರ ಇಂಗ್ಲಿಷ್. ಮನೆಯಲ್ಲಿ ಸುದ್ದಿ ಕೇಳಿ ಬಂದು ಮೊನ್ನೆ "ಆಂಟಿ, ಪ್ರೆಸಿಡೆಂಟ್ ಈಸ್ ದ ಬಾಸ್ ಆಫ್ ಎವ್ರಿಬಡಿ?" ಅಂತ ಕೇಳಿತು. "ಬಾಸ್ ಅಲ್ಲ ಮಗಾ, ಕ್ಲಾಸ್ ಮಾನಿಟರ್ ಇದ್ದ ಹಾಗೆ" ಅಂದೆ. "ದೆನ್ ಹೂ ಈಸ್ ದ ಟೀಚರ್?" ಅಂತು. ಮೂಗು ಒರೆಸಿ ಕಳಿಸಿದೆ.

ಇದನ್ನೆಲ್ಲ ಯಾರ ಹತ್ತಿರ ಹೇಳಲಿ? ಈ ಊರಿನಲ್ಲಿ ಕೈ ಎತ್ತುವುದು ಟ್ಯಾಕ್ಸಿಗೆ ಮಾತ್ರ. ಘೋಷಣೆ ಕೂಗಿದ ಗಂಟಲಿನಲ್ಲಿ ಈಗ ದಿನವಿಡೀ "ಯಲ್ಲಾ ಬೇಬಿ, ಶೂ ಹಾಕು" ಅಷ್ಟೇ. ಪ್ಲೈವುಡ್ ಗೋಡೆ, ಒಂದು ಪರದೆ, ಅದರ ಈಚೆ ನನ್ನ ಬೆಡ್‌ಸ್ಪೇಸ್. ಶುಕ್ರವಾರ ಬಂದರೆ ರೂಮಿನವರೆಲ್ಲ ತಂತಮ್ಮವರ ಹತ್ತಿರ ಹೋಗುತ್ತಾರೆ, ಏಸಿ ಮತ್ತು ನಾನು ಉಳಿಯುತ್ತೇವೆ. ಮೊದಮೊದಲು ಹೆದರಿಕೆ ಆಗುತ್ತಿತ್ತು. ಅಕ್ಕಪಕ್ಕ ಭುಜ ತಾಗದೆ ನಡೆದೇ ಗೊತ್ತಿಲ್ಲವಲ್ಲ ನಮಗೆ. ಒಬ್ಬಳೇ ನಿಂತರೆ ನಾನು ಏನೂ ಅಲ್ಲ ಅಂತ ಅನಿಸುತ್ತಿತ್ತು. ನಿಧಾನಕ್ಕೆ ಕಲಿತೆ. ಒಬ್ಬಳೇ ಉಣ್ಣುವುದು, ಒಬ್ಬಳೇ ಆಸ್ಪತ್ರೆಗೆ ಹೋಗುವುದು, ಒಬ್ಬಳೇ ಮ್ಯಾನೇಜರನಿಗೆ "ಇದು ನನ್ನ ಕೆಲಸ ಅಲ್ಲ" ಅನ್ನುವುದು. ಹಿಂದೆ ಯಾರೂ ಇರುವುದಿಲ್ಲ, ಆದರೂ ಮಾತು ಹೊರಗೆ ಬರುತ್ತದೆ. ಸಂಘ ನಮಗೆ ಎಲ್ಲ ಕಲಿಸಿತು, ಇದೊಂದನ್ನು ಕಲಿಸಲಿಲ್ಲ. ನಾನು ಇಲ್ಲಿ ಅತ್ತು ಕಲಿತದ್ದನ್ನು ನಿನಗೆ ಈರುಳ್ಳಿ ಚೀಲದಲ್ಲಿ ಕಳಿಸುತ್ತಿದ್ದೇನೆ.

ಕ್ಯಾಪ್ಟನ್ ಹತ್ತಿರ ಹೋಗು. "ನಾನು ಬರುವುದಿಲ್ಲ" ಅನ್ನು. ಕಾರಣ ಕೇಳಿದರೆ ಹೆದರಿಕೆ ಅನ್ನು, ಹೆಂಡತಿ ಅನ್ನು, ಏನೂ ಅನ್ನದೆ ಸುಮ್ಮನೆ ನಿಲ್ಲು. ಹಡಗು ಬುಧವಾರ ಲಂಗರು ಎತ್ತುತ್ತದಂತೆ. ಅದರೊಳಗೆ ಹೇಳಿದರೆ ಏಜೆಂಟರ ದೋಣಿ ಬಂದು ನಿನ್ನನ್ನು ಇಳಿಸಿಕೊಳ್ಳುತ್ತದೆ ಅಂತ ಸುಸನ್ ಹೇಳಿದ್ದಾಳೆ. ಜೊತೆಯವರನ್ನು ಬಿಟ್ಟು ಓಡಿದೆ ಅಂತ ನಿನಗೆ ಅನಿಸೀತು. ಗೊತ್ತು. ಬಿಟ್ಟು ಬರಲಾರೆ ಅಂತ ನಿನಗೇ ಅನಿಸಿದರೆ ನಿಲ್ಲು, ನಾನು ನಿನ್ನ ಮೇಲೆ ಅಧ್ಯಕ್ಷಳಲ್ಲ. ಆದರೆ ಸೋತ ಕೈ ಅಂತ ಮಾತ್ರ ನಿಲ್ಲಬೇಡ. ಆ ಕೈ ಸೋತಿಲ್ಲ. ಅದನ್ನು ಎಣಿಸಲೇ ಬಾರದಿತ್ತು.

ಉತ್ತರವನ್ನು ಶಮೀರನ ಬಾಯಲ್ಲಿ ಹೇಳಿ ಕಳಿಸು. ಸೋಮವಾರ ಸಂಜೆ ಅವನ ಪಿಕಪ್ ವಾಪಸು ಬರುವಾಗ ನಾನು ಮೀನು ಮಾರ್ಕೆಟಿನ ಹೊರಗೆ ನಿಂತಿರುತ್ತೇನೆ. ಅವನು ಏನು ಸುದ್ದಿ ತಂದರೂ, ಅವನು ಬಾಯಿ ತೆರೆಯುವ ಮೊದಲೇ ನಾನು ಕೈ ಎತ್ತುತ್ತೇನೆ. ಟ್ಯಾಕ್ಸಿಯವರು ನಿಲ್ಲಿಸಿದರೆ ನಿಲ್ಲಿಸಲಿ.

ಕಡಲು ನಿನ್ನನ್ನು ಬಿಡಲಿ, ನೆಲ ನಿನ್ನ ಕಾಲು ಹಿಡಿಯಲಿ. ಆ ಸೊಟ್ಟ ಎಲುಬು ಹಾಗೇ ಸೊಟ್ಟವಾಗಿ ನನ್ನ ಹತ್ತಿರ ಬರಲಿ.

ನಿನ್ನ ಪರವಾಗಿ ಒಂದೇ ಒಂದು ಕೈ,
ಅಪ್ಪಿ