ಬೈಕಿನ ಕೆಳಗಿನ ರಟ್ಟು

ಮ್ಯೂಸಿಯಂ ಮೇಲ್ವಿಚಾರಕರಿಗೆ ನಮಸ್ಕಾರ.

ಹಳೆಯ ಮೋಟಾರ್‌ಸೈಕಲ್‌ಗಳನ್ನು ನೋಡಲೆಂದೇ ನಮ್ಮ ಯಜಮಾನರು ನಿಮಗೆ ಬರೆದು, ನಿಮ್ಮ ನಗರಕ್ಕೆ ನಾಲ್ಕು ದಿನದ ಪ್ರವಾಸ ಗೊತ್ತುಮಾಡಿಕೊಂಡಿದ್ದರು. ಹೋದ ತಿಂಗಳು ತೀರಿಕೊಂಡರು. ಅವರು ಬರುವುದಿಲ್ಲವೆಂದು ತಿಳಿಸಲು ನಿನ್ನೆ ಫೋನ್ ಮಾಡಿದರೆ ನೀವು ನಕ್ಕುಬಿಟ್ಟಿರಿ.

"ಬರಲ್ಲ ಅಂದ್ರೆ ಏನಮ್ಮಾ? ಸೋಮವಾರದಿಂದ ದಿನಾ ಬರ್ತಿದಾರಲ್ಲ! ಆ ಕಪ್ಪು ಬೈಕ್ ಬಿಟ್ಟು ಕದಲೋದೇ ಇಲ್ಲ."

ಬೇರೆ ಯಾರೋ ಇರಬೇಕೆಂದುಕೊಂಡೆ. ಆದರೆ ಎಣ್ಣೆ ತೊಟ್ಟಿಕ್ಕುವಲ್ಲಿ ರಟ್ಟಿನ ತುಂಡು ಇಟ್ಟು, ಅದರ ಮೂಲೆಯಲ್ಲಿ ತಾರೀಖು ಬರೆಯುತ್ತಾರೆ ಎಂದಿರಿ. ಮೂವತ್ತು ವರ್ಷ ಗೊಣಗುತ್ತಾ ಅಂಥ ರಟ್ಟುಗಳನ್ನು ಎಸೆದವಳು ನಾನು.

ಭಾನುವಾರ ಬರುತ್ತೇನೆ. ಅಲ್ಲಿಯವರೆಗೆ ರಟ್ಟನ್ನು ತೆಗೆಯಬೇಡಿ. ತೀರಿಕೊಂಡದ್ದು ಅವರಿಗೇ ಗೊತ್ತಿದ್ದಂತಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಬಟ್ಟೆ ಜೋಡಿಸಿಕೊಳ್ಳುತ್ತಿರುವ,
ಅವರ ಹೆಂಡತಿ