ಬೇಳೆಯೊಳಗಿನ ಹರಳು

ನವೆಂಬರ್ ೧೪, ಗುರುವಾರ, ಕುಷ್ಟಗಿ

ಇವರ ಹಲ್ಲೇನೋ ಸರಿಯಾಯಿತು, ನನಗೇ ಊಟ ಸೇರಲಿಲ್ಲ.

ತೊಗರಿಬೇಳೆಯಲ್ಲಿದ್ದ ಹರಳು ಕಡಿದು ಇವರ ದವಡೆ ಹಲ್ಲು ಅರ್ಧ ಮುರಿದಿತ್ತು. ಗಂಗಾವತಿಯ ಡಾಕ್ಟರು ಅದನ್ನು ಕೀಳಲಿಲ್ಲ. ಮುರಿದಷ್ಟು ಜಾಗಕ್ಕೇ ಅಚ್ಚು ತೆಗೆದು ಮಾಡಿಸಿದ ಸೆರಾಮಿಕ್ ತುಂಡನ್ನು ಇವತ್ತು ಅಂಟಿಸಿದರು. ಯಾವುದು ಹಲ್ಲು, ಯಾವುದು ತುಂಡು, ಗೊತ್ತೇ ಆಗುವುದಿಲ್ಲ.

"ಏನ್ ಕಡದಿದ್ರಿ?" ಎಂದು ಡಾಕ್ಟರು ಕೇಳಿದರು.

"ನಮ್ಮವ್ವಗ ಕಣ್ಣು ಕಾಣೂದಿಲ್ರಿ. ಬ್ಯಾಳಿ ಆಕಿನ ಹಸನ ಮಾಡ್ತಾಳ," ಅಂದರು ಇವರು.

ನಾನು ಪಕ್ಕದಲ್ಲೇ ನಿಂತಿದ್ದೆ. ಅತ್ತೆ ಹಸನು ಮಾಡಿಟ್ಟ ಬೇಳೆ ಅವತ್ತು ಸಾಲದಾಗಿತ್ತು. ಡಬ್ಬಿಯಿಂದ ಇನ್ನೊಂದು ಹಿಡಿ ಆರಿಸದೆ ಹಾಗೇ ಹಾಕಿದವಳು ನಾನು.

ಮನೆಗೆ ಬಂದರೆ ಅತ್ತೆ ನನ್ನ ಕೈಗೆ ಮೊರ ಕೊಟ್ಟರು. "ಇನ್ನ ನೀನ ಹಸನ ಮಾಡವಾ ಮಲ್ಲೇಶ್ವರಿ. ನನ್ನ ಕಣ್ಣಿನ ಮ್ಯಾಲ ನನಗ ನಂಬಿಕಿ ಹೋತು."

ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

"ಅಂದ್ರ ನನ್ನ ಕಣ್ಣು ಛಲೋ ಅದಾವೇನ?" ಎಂದು ಅವರು ಮುಖ ತುಂಬ ನಕ್ಕರು. ಮೊರ ಮತ್ತೆ ಇಸಿದುಕೊಂಡರು. "ಅವಗ ಹೇಳಬ್ಯಾಡ, ನಿನ್ನ ಬೈತಾನ."

ಅತ್ತೆಯೇ ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಬೆಳಗಾಗಲಿ, ಇವರಿಗೆ ಹೇಳಿಯೇ ಬಿಡುತ್ತೇನೆ. ಬೈಯಲಿ.